ಕಲ್ಲು ಬಿಡದ ಕವಣೆ

ಬೆಟಗೇರಿಯ ನಿಜಲಿಂಗಪ್ಪನವರು ಚಹಾ ಕುಡಿದು ತಮ್ಮ ಗೇಮಿಂಗ್ ಅಂಗಡಿಗೆ ಮರಳಿದಾಗ ಮೌನೇಶ ಆಡುವ ಕಂಪ್ಯೂಟರಿನ ಪರದೆ ಒಡೆದಿತ್ತು. ಮೇಜಿನ ಮೇಲೆ ಕಲ್ಲು. ತೆರೆದ ಕಿಟಕಿಯಾಚೆ ಹಿತ್ತಲಲ್ಲಿ ಒಂದು ಕವಣೆ. ಅಂದು ಮಧ್ಯಾಹ್ನವೇ ಪುರಾತನ ಯುದ್ಧದ ಆಟದ ಫೈನಲ್: ಮೌನೇಶನ ಆನೆಪಡೆಗೂ ಯಳವತ್ತಿಯ ನಯಾಜನ ಕವಣೆಪಡೆಗೂ.

"ನಯಾಜಂದ ಕೆಲಸರಿ, ಮೇಡಂ! ಹೊಲದಾಗ ಹಕ್ಕಿ ಓಡಸಾಕ ಕವಣಿ ಬೀಸೂ ಹುಡುಗ. ಇವನ್ನ ತಗದು, ಸೆಮಿಫೈನಲ್‌ದಾಗ ಸೋತ ಸುಶ್ಮಿತಾನ್ನ ಆಡಸ್ತೀನಿ," ಎಂದರು ನಿಜಲಿಂಗಪ್ಪ.

ಅವರು ಮೇಡಂ ಎಂದದ್ದು ನಮ್ಮ ಓಣಿಯ ಅಲ್ಮಾಸಬಿಯವರನ್ನು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವರಿಗೆ ಇಂಥ ಗುಟ್ಟು ಬಿಡಿಸುವುದೆಂದರೆ ಹಬ್ಬ. ಅವರ ಬೆನ್ನಿಗೆ ಓಡುವುದು ನನಗೆ ಹಬ್ಬ. ನನ್ನಜ್ಜಿಯ ಕತೆಗಳಲ್ಲಿ ಕವಣೆಯ ಕಲ್ಲು ಮೋಡದ ಹೊಟ್ಟೆ ಸೀಳುತ್ತಿತ್ತು. ನಿಜವಾದ ಕವಣೆಯನ್ನು ನಾನು ಮುಟ್ಟಿದ್ದು ಅಂದೇ. ಬಣ್ಣದ ನೂಲಿನ ಹೊಸ ಹೆಣಿಗೆ. ಕಲ್ಲಿಡುವ ಬಟ್ಟೆಯ ಎರಡೂ ಬದಿಯ ಹಗ್ಗಗಳು ಸೇರಿ ಒಂದೇ ಹಿಡಿಕೆಯಾಗಿದ್ದವು. ನೂಲು ಕೂಡಿಸಿದಲ್ಲೆಲ್ಲ ಸಾಸಿವೆಯಷ್ಟು ಚಿಕ್ಕ ಗಂಟು.

"ಖರೇನ ನಾ ಮಾಡಿಲ್ರೀ," ನಯಾಜ ಬಿಕ್ಕಿದ. "ನನ್ನ ಆಡಾಕ ಬಿಡ್ರಿ."

"ಅಳಬ್ಯಾಡ್ಲೇ. ವಾಣಿಶ್ರೀ, ಮೂರೂ ಮಂದೀನ ಹಿತ್ತಲಕ ಕರಿ," ಎಂದು ಅಲ್ಮಾಸಬಿ ನನಗೆ ಹೇಳಿದರು. ಬೆಳಿಗ್ಗೆ ಅಭ್ಯಾಸಕ್ಕೆ ಬಂದಿದ್ದವರು ಮೌನೇಶ, ನಯಾಜ, ಸುಶ್ಮಿತಾ ಮೂವರೇ.

ಅಲ್ಮಾಸಬಿ ಕವಣೆಗೆ ಕಲ್ಲಿಟ್ಟು ನಿಜಲಿಂಗಪ್ಪನವರ ಕೈಗೆ ಕೊಟ್ಟರು. "ಆ ಗೋಡಿಗೆ ಹೊಡೀರಿ."

ಅವರು ಗಿರಗಿರ ಬೀಸಿದರು. ಕಲ್ಲು ಕವಣೆ ಬಿಡಲೊಲ್ಲದು! ಕೈ ನಿಲ್ಲಿಸಿದ್ದೇ ತಡ, ಅವರ ಪಾದದ ಮೇಲೆಯೇ ಬಿತ್ತು.

"ಯಪ್ಪಾ!"

ಸುಶ್ಮಿತಾ ಕಿಸಕ್ಕನೆ ನಕ್ಕಳು.

"ನಯಾಜ, ನೀ ಹೆಂಗ ಹೊಡೀತಿ?" ಅಲ್ಮಾಸಬಿ ಕೇಳಿದರು.

"ಒಂದ್ ಹಗ್ಗ ಬೆರಳಿಗೆ ಸಿಗಸಿ, ಇನ್ನೊಂದ ಬಿಟ್ಟಬಿಡ್ತೀನ್ರಿ. ಇದರಾಗ ಬಿಡಾಕ ಹಗ್ಗನ ಇಲ್ಲ."

"ಕೇಳಿದ್ರಿಲ್ಲೋ? ಆಟದಾಗ ಕವಣಿಗಾರ ಬೆರಳಷ್ಟ ಕಾಣ್ತಾನ. ಎರಡೂ ಹಗ್ಗ ಒಂದ ಗೆರಿ ಆಗಿರ್ತಾವ. ಇದನ್ನ ಮಾಡಿದವರು ಪರದೆ ನೋಡಿ ಕಲ್ತಾರ, ಹೊಲ ನೋಡಿ ಅಲ್ಲ. ಕಲ್ಲು ಹಿಡದು ಕಂಪ್ಯೂಟರಿನ ಪರದೆ ಕೈಲೆ ಕುಟ್ಟಿ ಒಡದು, ಕವಣಿ ಹೊರಗ ಒಗದಾರ."

ಎಲ್ಲರೂ ಸುಶ್ಮಿತಾಳತ್ತ ತಿರುಗಿದರು. "ನನ್ನ ಯಾಕ ನೋಡ್ತೀರಿ?" ಅವಳು ಸಿಡುಕಿದಳು.

ಅಲ್ಮಾಸಬಿ ಅವಳಿಗೂ ಮೌನೇಶನಿಗೂ ಹರಿದ ನೂಲು ಕೊಟ್ಟರು. "ಜಲ್ದಿ ಕೂಡಸ್ರಿ."

ಸುಶ್ಮಿತಾ ಕಡಲೆಯಷ್ಟು ದಪ್ಪ ಗಂಟು ಹಾಕಿದಳು. ಮೌನೇಶನ ಬೆರಳುಗಳು ಮಿಂಚಿನಂತೆ ಆಡಿದವು. ತುದಿಗಳನ್ನು ಹಲ್ಲಿನಿಂದ ಕಡಿದು ಕೊಟ್ಟ. ಸಾಸಿವೆಯಷ್ಟು ಗಂಟು! ಕೊಟ್ಟ ಮೇಲೆ ಅದನ್ನು ಮರಳಿ ಕಸಿದುಕೊಳ್ಳಲು ಕೈ ಚಾಚಿದ.

"ಮಗ್ಗದಾಗ ಎಳಿ ಹರಿದ್ರ ಹಾಕೂ ಗಂಟು. ನಿಮ್ಮ ಮನ್ಯಾಗ ಮಗ್ಗ ಐತಲ್ಲ, ಮೌನೇಶ? ಕವಣಿ ಮಾಡೂ ಮುಂದೂ ಕೈ ತನ್ನ ರೂಢಿ ಬಿಡಲಿಲ್ಲ."

"ತಾ ಆಡೂ ಕಂಪ್ಯೂಟರ್ ತಾನ ಒಡೀತಾನೇನ್ರಿ?" ನಿಜಲಿಂಗಪ್ಪ ಬಾಯಿ ತೆರೆದರು.

"ಹಂಗ ಒಡದ್ರ ಅವನ ಮ್ಯಾಲ ಯಾರ ಸಂಶಯ ಪಡ್ತಾರ?"

ಮೌನೇಶ ತಲೆ ತಗ್ಗಿಸಿದ. "ಇವನ ಕವಣಿಗಾರರ ಮುಂದ ನನ್ನ ಆನಿ ಒಮ್ಮೆನೂ ನಿಂತಿಲ್ರಿ. ಸುಶ್ಮಿತಾ ಆಗಿದ್ರ ಗೆಲ್ತಿದ್ದೆ."

"ಏನಂದಿ?" ಸುಶ್ಮಿತಾ ಕೆರಳಿದಳು. "ಕಾಕಾ, ಇವನ್ನ ತಗದು, ಇವನ ಆನಿ ನನಗ ಕೊಡ್ರಿ!"

ನಿಜಲಿಂಗಪ್ಪ ಬೇರೆ ಕಂಪ್ಯೂಟರ್ ಹಚ್ಚಿಕೊಟ್ಟರು. ನಯಾಜ ಕಣ್ಣೊರೆಸಿಕೊಂಡು ಎದುರಿಗೆ ಕುಳಿತ. ಸುಶ್ಮಿತಾಳ ಆನೆಗಳು ಹೊಳೆ ದಾಟುತ್ತಿದ್ದಂತೆ, ಗುಡ್ಡದ ಮೇಲೆ ಅವನ ಕವಣೆಗಾರರೆಲ್ಲ ಒಟ್ಟಿಗೇ ಕೈಯೆತ್ತಿದರು. ನಾನು ಪರದೆಯತ್ತ ಬಾಗಿದೆ.