ಮೂಲದರ್ಶಿ ಬಾಡಿಸಿದ ಮಾತು

ರೇವಪ್ಪನ ತಲೆಗೆ ತೊಡಿಸಿದ್ದ ತೆಳುವಾದ ಲೋಹದ ಬಲೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎದುರಿನ ಪರದೆಯ ಮೇಲೆ ಅವನ ಸುಳ್ಳುಗಳು ನೀಲಿ ಎಳೆಗಳಾಗಿ ಹರಿದಾಡಿ, ಕೊನೆಗೆ ಒಂದೇ ಬಿಂದುವಿನಲ್ಲಿ ಬಂದು ಕೂಡಿದವು.

"ಸಿಕ್ಕಿತು," ಎಂದರು ಡಾಕ್ಟರ್ ಅನಸೂಯಾ ಕೊಪ್ಪರ.

ಯಂತ್ರದ ಹೆಸರು ಮೂಲದರ್ಶಿ. ಚಟವಾಗಿ ಬೆಳೆದ ಸುಳ್ಳಿನ ಜಾಡು ಹಿಡಿದು ಹಿಂದಕ್ಕೆ ಸಾಗಿ, ಅದು ಮೊದಲು ಮೊಳೆತ ನೆನಪನ್ನು ಹುಡುಕುವುದು ಅದರ ಕೆಲಸ. ಅಲ್ಲಿಂದ ಹೊರಟ ನರಮಾರ್ಗವನ್ನು ವೈದ್ಯರು 'ಮಿಥ್ಯಾಪಥ' ಎನ್ನುತ್ತಿದ್ದರು. ಯಂತ್ರ ಅದನ್ನು ಬಾಡಿಸಿದರೆ ಮತ್ತೆ ಚಿಗುರುವಂತಿಲ್ಲ.

ಪಕ್ಕದಲ್ಲಿದ್ದ ಹೆಂಡತಿ ನಿಂಬೆವ್ವನಿಗೆ ಬೇಕಾದದ್ದೂ ಅದೇ. ಗಂಡ ಗದಗಿನ ಗುಡ್ಡದ ಗಾಳಿಯಂತ್ರಗಳನ್ನೇರಿ ರೆಕ್ಕೆ ರಿಪೇರಿ ಮಾಡುವವನು. ದುಡಿಮೆಗಾರ, ಕುಡುಕನಲ್ಲ. ಆದರೆ ಬಾಯಿ ತೆರೆದರೆ ಸುಳ್ಳು. ಬದನೆಕಾಯಿ ಉಂಡು ಹೀರೇಕಾಯಿ ಎನ್ನುತ್ತಿದ್ದ. ಬದುಕಿರುವ ಸೋದರಮಾವನನ್ನು ಎರಡು ಸಲ ಮಣ್ಣು ಮಾಡಿದ್ದ. ಇದೂ ಫಲಿಸದಿದ್ದರೆ ತವರಿಗೆ ಹೋಗಿಬಿಡುವುದೆಂದು ಅವಳು ನಿಶ್ಚಯಿಸಿದ್ದಳು.

"ಉಪಯೋಗ ಇಲ್ಲದ ಸುಳ್ಳು ಯಾಕ ಹೇಳ್ತಾರ್ರೀ ಬಾಯಾರ?" ಎಂದು ಅವಳು ಡಾಕ್ಟರನ್ನು ಕೇಳಿದಳು.

"ಲಾಭಕ್ಕಲ್ಲವ್ವಾ, ಅಂಜಿಕಿಗೆ. ಇವರಪ್ಪ ಮನಿ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ತಾಯಿ ದಿನಾ ಸಂಜೀಕ, ಅಪ್ಪ ಕಂಡನೇನೋ ಅಂತ ಕೇಳೋರು. ಆಕೀ ಅಳು ನೋಡಲಾರದ ಈ ಹುಡುಗ, 'ಅಂಗಡ್ಯಾಗ ಮಾತಾಡ್ಕೋತ ನಿಂತಾನ, ಬರ್ತಾನ' ಅಂದ. ಮುಂದ ಯಾರು ಏನು ಕೇಳಿದರೂ ಆ ಅಂಜಿಕಿನೇ ಉತ್ತರ ಕೊಡ್ತಾ ಬಂತು."

"ಪಾಪ," ಎಂದಳು ನಿಂಬೆವ್ವ. ಕಣ್ಣೊರೆಸಿಕೊಂಡು, "ಬಾಡಿಸಿಬಿಡ್ರಿ," ಎಂದಳು.

ಮೊದಲ ಕೆಲವು ದಿನ ಮನೆಯಲ್ಲಿ ಹಬ್ಬ. ಸಾರು ಉಪ್ಪಾಗೈತಿ ಎಂದು ಗಂಡ ಮುಖಕ್ಕೆ ಹೇಳಿದಾಗ ಅವಳು ಹಿಗ್ಗಿಹೋದಳು. ಕೆಲಸಕ್ಕೆ ಮರಳುವ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು, "ಹೋಗ್ತೀನಿ," ಎಂದ.

ಅವಳು ಒಳಗಿನಿಂದ ಓಡಿಬಂದಳು. "ಬಿಡ್ತು ಅನ್ರಿ! ಹೋಗಿ ಬರ್ತೀನಿ ಅನ್ನಬೇಕು."

ರೇವಪ್ಪ, "ಹೋಗಿ ಬ..." ಎಂದು ಶುರು ಮಾಡಿದವನು ಮುಂದಿನದನ್ನು ಆಡಲಾರದೆ ಹೋದ. "ಮ್ಯಾಲೆ ಗಾಳಿ ಜೋರೈತಿ, ನಿಂಬೀ. ಬರ್ತೀನೋ ಇಲ್ಲೋ, ಹೆಂಗ ಹೇಳ್ಲಿ?"

ಅವಳು ಡಾಕ್ಟರ ಬಳಿಗೆ ಓಡಿದಳು. ಅನಸೂಯಾ ರೇವಪ್ಪನ ದಾಖಲೆಯನ್ನು ಪರದೆಗೆ ತಂದು ನೋಡಿ ಕನ್ನಡಕ ತೆಗೆದರು.

"ಸುಳ್ಳಿಗೂ ಭರವಸೆಗೂ ಬೇರು ಒಂದೇ ಇತ್ತು. ಗೊತ್ತಿಲ್ಲದ್ದನ್ನ ಗೊತ್ತಿದ್ದಂಗ ಹೇಳೋ ದಾರೀನೇ ಒಣಗೇತಿ. ನಾವ್ಯಾರೂ ಇದನ್ನ ಎಣಿಸಿರಲಿಲ್ಲ."

"ಅದೊಂದ ಮಾತು ಹೊಳ್ಳಿ ಕೊಡ್ರಿ. ಬ್ಯಾರೆ ಏನೂ ಬ್ಯಾಡ."

"ಆಗೂದಿಲ್ಲವ್ವಾ."

ತವರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಯಾವ ತಪ್ಪು ಹೊರಿಸಿ ಹೋಗುವುದು? ದಿನವೂ ಅವನು ಹೋಗ್ತೀನಿ ಎನ್ನುವನು, ದಿನವೂ ಅವಳು ಸಂಜೆಯವರೆಗೆ ಸಾಯುವಳು.

ಒಂದು ದಿನ ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಶಿಬಾಯಿ ಕೆಣಕಿದಳು: "ಏನವಾ, ನಿನ್ನ ಸತ್ಯವಂತ ಏನಂದು ಹೋದ ಇವತ್ತ?"

"ಹೋಗಿ ಬರ್ತೀನಿ ಅಂದ್ರು."

"ಎಲ್ಲೀದು! ನಾ ಇಲ್ಲೇ ನಿಂತಿದ್ನಲ್ಲ?"

"ನಿನಗ ಕೇಳಿಲ್ಲ. ಮಲ್ಲಿಗಿ ತರ್ತೀನಿ ಅಂದ್ರು. ಲಗೂನ ಬರ್ತಾರಂತ."

ದೂರದ ಗುಡ್ಡದಲ್ಲಿ ಒಂದು ಗಾಳಿಯಂತ್ರದ ರೆಕ್ಕೆ ಮಾತ್ರ ತಿರುಗದೆ ನಿಂತಿತ್ತು. ಅದರ ತುದಿಯಲ್ಲಿ ಹಗ್ಗ ಹಿಡಿದು ಜೋತ ಒಂದು ಕಪ್ಪು ಚುಕ್ಕೆ ತೂಗಾಡುತ್ತಿತ್ತು. ಅತ್ತ ಬೆನ್ನು ಮಾಡಿ, ಯಾರೂ ಕೇಳದಿದ್ದರೂ, ನಿಂಬೆವ್ವ ಹೇಳುತ್ತಲೇ ಹೋದಳು:

"ಇವತ್ತ ಮ್ಯಾಲೆ ಹತ್ತೂದಿಲ್ಲಂತ. ಬರೇ ನೆಲದ ಮ್ಯಾಲಿನ ಕೆಲಸಂತ."