ಜಡೆ ಕತ್ತರಿಸಿದ ಷಾಟ್

ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಗೆ ಓಡಿಬಂದ ಹುಡುಗಿಯ ತುರುಬಿನಲ್ಲಿ ಪೆನ್ಸಿಲೊಂದು ಸಿಕ್ಕಿಕೊಂಡಿತ್ತು. ಕಾಲಿನಲ್ಲಿ ಎರಡು ಬಣ್ಣದ ಎರಡು ಚಪ್ಪಲಿ.

“ಕಳ್ಳತನ ಆಗಿದೆ ಮೇಡಂ.”

“ಏನು ಹೋಗಿದೆ?”

“ಕ್ಯಾಮೆರಾದ ಮೆಮೊರಿ ಕಾರ್ಡು.”

ಇನ್‌ಸ್ಪೆಕ್ಟರ್ ಮೇಡಂ ಪೆನ್ನು ಕೆಳಗಿಟ್ಟರು. ಕಾರು ಹೋದವರು, ಸರ ಹೋದವರು, ಒಮ್ಮೆ ನೀರಿನ ಪಂಪನ್ನೇ ಕಳಕೊಂಡವರು ಆ ಕುರ್ಚಿಯಲ್ಲಿ ಕೂತು ಅತ್ತದ್ದುಂಟು. ಹೆಬ್ಬೆರಳಿನ ಉಗುರಿನಷ್ಟು ಸಾಮಾನಿಗೆ ಇಷ್ಟು ಏದುಸಿರು ಬಿಡುತ್ತ ಬಂದವರನ್ನು ಅವರು ಕಂಡಿರಲಿಲ್ಲ.

“ಅಂಗಡೀಲಿ ಇನ್ನೊಂದು ಸಿಗಲ್ವೇನಮ್ಮ?”

“ಕಾರ್ಡ್ ಸಿಗುತ್ತೆ. ಜಡೆ ಎಲ್ಲಿ ಸಿಗುತ್ತೆ ಮೇಡಂ?”

ಹುಡುಗಿ ಸಿನಿಮಾ ನಿರ್ದೇಶಕಿ. ಯಾವ ಕಂಪನಿಯ ಹಂಗೂ ಇಲ್ಲದೆ ಒಂದಷ್ಟು ಗೆಳೆಯರು ಸೇರಿ, ಕೆಡವಲು ಬಿಟ್ಟ ಹಳೇ ಮನೆಯೊಂದರಲ್ಲಿ ಚಿತ್ರ ತೆಗೆಯುತ್ತಿದ್ದರು. ಮಗನಿಗಾಗಿ ಕಾದು ಕಾದು ಸಾಕಾದ ತಾಯಿ ಕೊನೆಯ ದೃಶ್ಯದಲ್ಲಿ ತನ್ನ ಜಡೆಯನ್ನು ತಾನೇ ಕತ್ತರಿಸಬೇಕು. ಒಪ್ಪಿಕೊಂಡಿದ್ದ ನಟಿ ಕೂದಲಿನ ಮಾತು ಬಂದದ್ದೇ ಕೈ ಕೊಟ್ಟಳು. ಆಗ ಬಟ್ಟೆ ಹೊಲಿಯಲು ಬಂದಿದ್ದ ಟೈಲರಕ್ಕ, “ನಾನು ಮಾಡ್ಲಾ?” ಎಂದಳಂತೆ. ಈ ಬೆಳಗ್ಗೆ, ಮೊಣಕಾಲು ಮುಟ್ಟುವ ತನ್ನ ಸ್ವಂತ ಜಡೆಯನ್ನು, ತನ್ನದೇ ಕತ್ತರಿಯಲ್ಲಿ, ಒಂದೇ ಟೇಕಿನಲ್ಲಿ ಕತ್ತರಿಸಿದ್ದಳು.

“ಮತ್ತೆ ತೆಗೀಬೇಕಂದ್ರೆ ಆ ಕೂದಲು ಬೆಳೀಬೇಕು. ನಾಳೆ ಮನೇನೇ ಇರಲ್ಲ.”

“ರೈಟರ್, ಬನ್ರೀ ಇಲ್ಲಿ.”

ಠಾಣೆಯ ದಾಖಲೆಗಳನ್ನು ಬರೆಯುವ ಹೆಡ್ ಕಾನ್‌ಸ್ಟೆಬಲ್ ಬಂದು ಕೂತರು. ಹುಡುಗಿ ಅಷ್ಟು ಸಂಕಟದಲ್ಲೂ ಕಣ್ಣರಳಿಸಿದಳು. “ನೀವೂ ರೈಟರ್ರಾ?”

“ಹೂಂನಮ್ಮ. ನಾನು ಬರೆದದ್ದನ್ನ ಇನ್ನೂ ಯಾರೂ ಸಿನಿಮಾ ಮಾಡಿಲ್ಲ, ಅಷ್ಟೇ.”

ಎಫ್‌ಐಆರ್ ದಾಖಲಾಯಿತು. ಒಂದೂವರೆಗೆ ಜೀಪು ಆ ಮನೆಯ ಮುಂದೆ ನಿಂತಿತು.

ಸುಣ್ಣ ಉದುರಿದ ಹಜಾರದಲ್ಲಿ ಎಲ್ಲರೂ ಸೂತಕದವರ ಹಾಗೆ ಕೂತಿದ್ದರು. ಮೂಲೆಯ ಹೊಲಿಗೆ ಯಂತ್ರದ ಹಿಂದೆ ಟೈಲರಕ್ಕ. ಬರಿದಾದ ಕತ್ತಿಗೆ ಕೈ ಹೋಗಿ ಹೋಗಿ ಬರುತ್ತಿತ್ತು. ಪಕ್ಕದಲ್ಲಿ ಅವಳ ಗಂಡ, ತಂಡದ ವ್ಯಾನ್ ಡ್ರೈವರ್.

ಮೇಡಂ ಕ್ಯಾಮೆರಾ ಸಹಾಯಕನನ್ನು ಮೊದಲು ಕರೆದರು.

“ಷಾಟ್ ಮುಗಿದ ಮೇಲೆ?”

“ಕ್ಯಾಮೆರಾ ಬಿಸಿಯಾಗಿತ್ತು. ಪಕ್ಕದ ರೂಮಲ್ಲಿ ಪೆಟ್ಟಿಗೆ ಮೇಲಿಟ್ಟೆ.”

“ಕಾರ್ಡ್ ಯಾಕೆ ತೆಗೀಲಿಲ್ಲ?”

“ತೆಗೆಯೋಷ್ಟರಲ್ಲಿ ಸೌಂಡಣ್ಣ ಎಲ್ಲರನ್ನೂ ಹಜಾರಕ್ಕೆ ಕರೆದ್ರು. ಮೌನ ಹಿಡಿಯೋಕೆ.”

“ಮೌನ ಹಿಡಿಯೋದಾ?”

ಧ್ವನಿಗ್ರಾಹಕ, ಅಂದರೆ ಸೌಂಡಣ್ಣ, ಕೊರಳಿನ ಹೆಡ್‌ಫೋನ್ ಸರಿಮಾಡಿಕೊಂಡರು. “ಒಂದೊಂದು ಮನೆಯ ಮೌನ ಒಂದೊಂದು ಥರ ಮೇಡಂ. ಮಾತಿನ ಮಧ್ಯೆ ಸೇರಿಸೋಕೆ ಬೇಕು. ಅದಕ್ಕೆ ಶೂಟಿಂಗ್ ಆದ್ಮೇಲೆ ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡ್ತೀನಿ. ಎಲ್ರೂ ಕಂಬದ ಹಾಗೆ ನಿಲ್ಲಬೇಕು, ಎಂಜಲೂ ನುಂಗಬಾರದು.”

“ನಿಂತಿದ್ದವರು ಯಾರ್ಯಾರು?”

“ಎಲ್ಲರೂ. ಡ್ರೈವರಣ್ಣ ಮಾತ್ರ ಹೊರಗೆ ವ್ಯಾನಲ್ಲಿ ಮಲಗಿದ್ರು.”

“ಹೂಂ ಮೇಡಂ, ಮಲಗಿದ್ದೆ” ಎಂದ ಡ್ರೈವರ್, ಕೇಳುವ ಮೊದಲೇ.

ಮೇಡಂ ಅವನನ್ನೊಮ್ಮೆ ನೋಡಿ ಸೌಂಡಣ್ಣನತ್ತ ತಿರುಗಿದರು. “ಆ ನಿಮಿಷ ನಿಮ್ಮ ಹತ್ರ ಇದೆಯಲ್ಲ?”

ಮೇಡಂ ಹೆಡ್‌ಫೋನ್ ಕಿವಿಗಿಟ್ಟಾಗ ಮೊದಲು ಏನೂ ಕೇಳಲಿಲ್ಲ. ಆಮೇಲೆ ಪಾರಿವಾಳದ ರೆಕ್ಕೆ, ಎಲ್ಲೋ ತೊಟ್ಟಿಕ್ಕುವ ನಲ್ಲಿ. ಅದರಾಚೆ, ಪಕ್ಕದ ಕೋಣೆಯ ಕಡೆಯಿಂದ, ಲೋಹಕ್ಕೆ ಲೋಹ ತಾಗುವ ಸಣ್ಣ ಕಿಣಿಕಿಣಿ. ಕೂಡಲೇ ‘ಟಿಕ್’.

“ಕೊನೇದು ಕಾರ್ಡಿನ ಮುಚ್ಚಳ” ಎಂದ ಸಹಾಯಕ, ಹೆಡ್‌ಫೋನ್ ಈಸಿಕೊಂಡು ಕೇಳಿ.

“ಮೊದಲನೇದು ಬೀಗದ ಕೈ” ಎಂದರು ಮೇಡಂ. “ಎಲ್ಲರೂ ನಿಮ್ಮ ನಿಮ್ಮ ಗೊಂಚಲು ಕೊಡಿ. ಸೌಂಡಣ್ಣ, ನೀವು ಗೋಡೆ ಕಡೆ ತಿರುಗಿ.”

ರೈಟರು ಒಂದೊಂದಾಗಿ ಅಲುಗಿಸಿದರು. ನಿರ್ದೇಶಕಿಯದು. “ಅಲ್ಲ.” ಸಹಾಯಕನ ಬೈಕಿನದು. “ಅಲ್ಲ.” ಮೂರನೆಯದಕ್ಕೆ ಸೌಂಡಣ್ಣ ತಿರುಗಲೇ ಇಲ್ಲ, ತಲೆ ತಗ್ಗಿಸಿದರು. “ಇದೇ ಮೇಡಂ.”

ವ್ಯಾನಿನ ಕೀ. ಅದರ ಜೊತೆ, ಹೊಲಿಯುವಾಗ ಬೆರಳಿಗೆ ಹಾಕುವ ಹಿತ್ತಾಳೆ ಟೊಪ್ಪಿಗೆಯೊಂದು ನೇತಾಡುತ್ತಿತ್ತು. ಸೂಜಿ ತಗುಲಿ ತಗುಲಿ ಸವೆದಿತ್ತು.

“ಕಾರ್ಡ್ ಎಲ್ಲಿ?”

ಡ್ರೈವರ್ ಹೊರಗೆ ಹೋದ. ವ್ಯಾನಿನ ಸೀಟಿನಡಿಯಿಂದ ಬಿಳಿ ಬಟ್ಟೆಯ ಗಂಟು ತಂದು, ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ. ಒಳಗೆ ಕತ್ತರಿಸಿದ ಜಡೆ. ಜಡೆಯ ಮಡಿಕೆಯಲ್ಲಿ ಕಾರ್ಡು.

“ಯಾಕೆ ಮಾಡ್ದೆ?”

“ಅಳಿಸಿಬಿಡ್ತಾರಲ್ಲ ಮೇಡಂ. ನಿನ್ನೆ ಸಂಜೆ ನಾನೇ ಕಣ್ಣಾರೆ ನೋಡಿದೆ. ಇಡೀ ದಿನ ಇವಳು ಬೆವರು ಸುರಿಸಿ ಮಾಡಿದ್ದನ್ನ ಈ ತಮ್ಮ ಬಿಸ್ಕತ್ತು ತಿನ್ನುತ್ತಾ ಒಂದು ಬಟನ್ ಒತ್ತಿ ಅಳಿಸಿದ. ಕಾರ್ಡ್ ಖಾಲಿ ಅಂತ ನಕ್ಕ. ಟೈಲರ್ ತಾನೇ, ಬೇಡ ಅಂದ್ಕೊಂಡ್ರು ಅನ್ನಿಸ್ತು. ಇವತ್ತು ಕೂದಲೂ ಹೋಯ್ತು. ಅದನ್ನೂ ಅಳಿಸೋಕೆ ಬಿಡ್ಲಾ?”

ಸಹಾಯಕ ಅಳುವುದೊಂದು ಬಾಕಿ. “ಅಣ್ಣಾ, ಮೊದಲು ಡಿಸ್ಕಿಗೆ ಇಳಿಸ್ಕೊಂಡೇ ಅಳಿಸೋದು! ದಿನಾ ಹಾಗೇ. ಅಕ್ಕ ಮಾಡಿದ್ದೆಲ್ಲ ಭದ್ರವಾಗಿದೆ.”

ಟೈಲರಕ್ಕ ಎದ್ದು ಬಂದಳು. “ಒಂದು ಮಾತು ಕೇಳಿದ್ರೆ ನಾಲಿಗೆ ಸವೀತಿತ್ತೇನ್ರೀ ನಿಮ್ಗೆ?”

“ಕೇಳಿ, ಹೌದು ಅಳಿಸಿದ್ವಿ ಅಂದಿದ್ರೆ? ಎಲ್ಲರ ಮುಂದೆ ನಿನ್ನ ಮುಖ ಹೇಗೆ ನೋಡ್ಲಿ?”

ನಿರ್ದೇಶಕಿ ಮೇಡಂ ಕಡೆ ತಿರುಗಿದಳು. “ದೂರು ಹರಿದುಹಾಕಿ ಮೇಡಂ.”

“ಎಫ್‌ಐಆರ್ ಹರಿಯೋಕೆ ಅದೇನು ಪಂಚಾಂಗದ ಹಾಳೆನಾ? ಆ ಮಾತನ್ನ ಕೋರ್ಟಲ್ಲಿ ಬಂದು ಹೇಳಿ.”

“ಹೇಳ್ತೀನಿ. ಆದ್ರೆ ಕಾರ್ಡ್ ನೀವು ಜಪ್ತಿ ಮಾಡಿದ್ರೆ ನನ್ನ ಸಿನಿಮಾ?”

ಮೇಡಂ ರೈಟರನ್ನು ಹತ್ತಿರ ಕರೆದರು. “ಜಪ್ತಿ ಮಾಡೋ ಮೊದಲು ಒಳಗೇನಿದೆ ಅಂತ ಪಂಚರು ನೋಡಬೇಕಲ್ಲ. ಅವರೆದುರೇ ನಕಲು ತೆಗೀರಿ. ರೈಟರ್, ಅದನ್ನೂ ಪಂಚನಾಮೆಗೆ ಬರ್ಕೊಳ್ಳಿ.”

ಪಂಚರಾಗಿ ಎದುರುಮನೆಯ ಮೇಷ್ಟ್ರು, ಮೂಲೆ ಅಂಗಡಿಯ ಅಮ್ಮ ಬಂದರು. ಲ್ಯಾಪ್‌ಟಾಪಿನಲ್ಲಿ ದೃಶ್ಯ ತೆರೆದುಕೊಂಡಿತು. ಬರೀ ಕಿಟಕಿ, ಬೆಳಕು, ಅವಳ ಮುಖ. ಒಂದು ಮಾತಿಲ್ಲ. ಕತ್ತರಿ ಮೂರು ಸಲ ಕಚ್ಚಿತು. ಜಡೆ ಮಡಿಲಿಗೆ ಬಿತ್ತು. ಅವಳು ಅದನ್ನು ಕೂಸಿನ ಹಾಗೆ ಒಮ್ಮೆ ತಟ್ಟಿ, ಎದ್ದು, ಒಲೆಯ ಮೇಲಿನ ಹಾಲು ಇಳಿಸಲು ಹೋದಳು.

ಅಂಗಡಿಯ ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ರೈಟರ ಪೆನ್ನು ನಿಂತಿತ್ತು. ಟೈಲರಕ್ಕ ಪರದೆಯ ಮೇಲಿನ ಹೆಂಗಸನ್ನು ಯಾರೋ ಎಂಬಂತೆ ನೋಡುತ್ತಿದ್ದಳು. ಡ್ರೈವರ್ ಮಾತ್ರ ಪರದೆ ನೋಡಲಿಲ್ಲ. ನೋಡುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಎದೆಯುಬ್ಬಿಸಿ ನಿಂತಿದ್ದ.

ಸಂಜೆ ಐದಕ್ಕೆ ಠಾಣೆಯಲ್ಲಿ ಬಂಧನದ ಕಾಗದ ಸಿದ್ಧವಾಯಿತು. ಮನೆಯವರಿಗೆ ವಿಷಯ ತಿಳಿಸಿದ್ದನ್ನು ನಮೂದಿಸಬೇಕಿತ್ತು.

“ಯಾರಿಗೆ ತಿಳಿಸಿದ್ದು, ಹೆಂಡತಿಗೆ” ಎನ್ನುತ್ತ ರೈಟರು ಬರೆದರು. “ಉದ್ಯೋಗ, ಟೈಲರ್...”

“ಸಾರ್,” ಬೇಡಿಯಿಲ್ಲದ ಕೈಗಳನ್ನು ಮೇಜಿನ ಮೇಲೂರಿ ಡ್ರೈವರ್ ಬಗ್ಗಿದ. “ಅದನ್ನ ತಿದ್ದಿ.”

ರೈಟರು ಮೇಡಂ ಮುಖ ನೋಡಿದರು. ಬಾಗಿಲಾಚೆ ಬೆಂಚಿನ ಮೇಲೆ ಟೈಲರಕ್ಕ ಕೂತಿದ್ದಳು, ಅವಳ ಪಕ್ಕದಲ್ಲಿ ಪೆನ್ಸಿಲ್ ತುರುಬಿನ ಹುಡುಗಿ.

“ತಿದ್ರೀ” ಎಂದರು ಮೇಡಂ. “ನಾವೇ ಕಣ್ಣಾರೆ ನೋಡಿದ್ದೀವಲ್ಲ.”

ರೈಟರು ‘ಟೈಲರ್’ ಎಂಬುದಕ್ಕೆ ಗೀಟು ಎಳೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿ, ದುಂಡಗೆ ಬರೆದರು: ನಟಿ.