ರಾತ್ರಿ ಪಾಳಿಯ ಸಂಜೆಮಲ್ಲಿಗೆ

"ಬಾಗಿಲಾ ಹಾಕ್ರಿ! ಬೆಳಕು ಒಳಗ ಬರಾಕತ್ತದ!"

ಗೋದಾಮಿನ ಕತ್ತಲೊಳಗಿಂದ ಹೆಣ್ಣುಧ್ವನಿ ಬಂದಾಗ ವಿರೂಪಣ್ಣನ ಎದೆ ಧಸಕ್ಕೆಂದಿತು. ಅಕ್ಕಿ ಮಿಲ್ಲು ಅವನದು, ಗೋದಾಮು ಅವನದು. ಆದರೂ ಬೈಸಿಕೊಂಡವನು ಅವನೇ.

ಗಾಬರಿಯಲ್ಲಿ ಬಾಗಿಲು ಹಾಕಿದ... ತಾನೂ ಒಳಗೇ ಉಳಿದು.

"ನೀವು ಹೊರಗ ನಿಂತು ಹಾಕಬೇಕ್ರಿ," ಎಂದಿತು ಧ್ವನಿ, ಈ ಸಲ ಸ್ವಲ್ಪ ಮೆತ್ತಗೆ.

ಇಬ್ಬರೂ ಹೊರಗೆ ಬಂದ ಮೇಲೆ ನೋಡಿದ. ಹೆಣ್ಣುಮಕ್ಕಳ ಶಾಲೆಯ ವಿಜ್ಞಾನದ ಟೀಚರು ಸೂಗಮ್ಮ. ಸೀರೆಯ ಸೆರಗೆಲ್ಲ ತೌಡು, ಮೂಗಿನ ತುದಿಗೆ ಮಣ್ಣು, ಕಣ್ಣಲ್ಲಿ ಮಾತ್ರ ಕೆಂಡ. ಆ ಕ್ಷಣದಲ್ಲೇ ಅವನ ಕತೆ ಮುಗಿಯಿತು. ಪಾಪ, ಅವನಿಗೆ ಅದು ಗೊತ್ತಾಗಲು ಇನ್ನೂ ದಿನ ಹಿಡಿಯಿತು.

"ನಿಮ್ಮ ಅವ್ವಾರು ಈ ಖೋಲಿ ನನಗ ಕೊಟ್ಟಾರ. ಒಳಗ ಸಂಜಿಮಲ್ಲಿಗಿ ಕುಂಡ ಇಟ್ಟೀನಿ. ಬಿಸಿಲು ಬೀಳಬಾರದು. ಬಿದ್ರ ನನ್ನ ಮದಿವಿ ಆಗತದ."

ವಿರೂಪಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಮದುವೆ ಎಂಬ ಮಾತು ಮಾತ್ರ ಸರಿಯಾಗಿ ಕೇಳಿಸಿತು.

ಇದು ಎಪ್ಪತ್ತೆಂಟನೆಯ ಇಸವಿಯ ಮಾನ್ವಿಯ ಮಾತು. ಸೂಗಮ್ಮನ ಅಪ್ಪ ಮಹಾಂತಪ್ಪ ದೇವದುರ್ಗದಲ್ಲಿ ಅವಳಿಗೊಂದು ಗಂಡು ನೋಡಿದ್ದ. ಬೆಲ್ಲದ ವ್ಯಾಪಾರಿ. ನೌಕರಿ ಬಿಡಬೇಕೆಂದು ಆ ಮಹರಾಯ ಮೊದಲೇ ಹೇಳಿಬಿಟ್ಟಿದ್ದ. ಊಟಕ್ಕೆ ಕೂತಾಗ ಅಪ್ಪ-ಮಗಳಿಗೆ ಜಗಳ ಹತ್ತಿತು. ಹೆಣ್ಣುಮಕ್ಕಳಿಗೆ ಹೊತ್ತುಹೊತ್ತಿಗೆ ಹೇಳುವವರು ಬೇಕು, ಹೂವಿಗೂ ಸೂರ್ಯ ಹೇಳಬೇಕು ಎಂದ ಅಪ್ಪ.

"ಹೂವಿಗಿ ಯಾರೂ ಹೇಳೂದಿಲ್ಲಪ್ಪಾ. ಗಿಡದ ಒಳಗ ಒಂದು ಗಡಿಯಾರ ಅದ. ಕತ್ತಲಾಗ ಇಟ್ರೂ ತನ್ನ ಹೊತ್ತಿಗಿ ತಾನ ಅರಳತದ."

"ಹೌದಾ? ಕತ್ತಲಾಗ ಸಂಜಿಮಲ್ಲಿಗಿ ಸಂಜಿಗಿ ಅರಳಿಸಿ ತೋರ್ಸು. ಬೆಲ್ಲದಂವಗ ಬ್ಯಾಡ ಅಂತ ನಾನ ಹೇಳ್ತೀನಿ. ಅರಳಲಿಲ್ಲಂದ್ರ ಸುಮ್ಮನ ಹಸಿಮಣಿ ಏರಬೇಕು."

ಮಹಾಂತಪ್ಪ ಹಟಮಾರಿ, ಆದರೆ ಮಾತಿಗೆ ತಪ್ಪುವವನಲ್ಲ. ಮುಂದಿನ ಭಾನುವಾರ ಸಂಜೆ ತಾನೇ ಬಂದು ನೋಡುವುದೆಂದು ಗೊತ್ತಾಯಿತು.

ಇದೆಲ್ಲ ಕೇಳಿದ ವಿರೂಪಣ್ಣ, "ಕೀಲಿ ನನ್ನ ಕಡೆ ಇರಲ್ರಿ. ನಾ ಕಾಯ್ತೀನಿ, ನೀರೂ ಹಾಕ್ತೀನಿ," ಎಂದ.

ಅಂದಿನಿಂದ ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಸೂಗಮ್ಮ ಮಿಲ್ಲಿಗೆ ಬರುವಳು. ಬಾಗಿಲು ತೆರೆಯುವಂತಿಲ್ಲ. ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂರುವರು, ನಡುವೆ ಚುರುಮುರಿ ಪೊಟ್ಟಣ.

"ಬಿಸಿಲು ಬಿದ್ದಿಲ್ಲಲ್ರೀ?"

"ಒಂದು ಕಿರಣ ಬಿದ್ದಿಲ್ರಿ."

ಅಷ್ಟು ಕೇಳಲು ಒಂದು ಗಳಿಗೆ ಸಾಕು. ದೀಪ ಹಚ್ಚುವ ಹೊತ್ತಾದರೂ ಅವಳು ಏಳುತ್ತಿರಲಿಲ್ಲ. 'ಗಿಡದ ಸಲುವಾಗಿ ಕೂತೀನಿ' ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹಗಲು ಕರೆಂಟು ಸರಿಯಾಗಿ ಬರದ ಕಾಲ, ಮಿಲ್ಲು ನಡೆಯುತ್ತಿದ್ದುದು ರಾತ್ರಿ. ಯಂತ್ರ ಶುರುವಾಗಿ ಮಾತು ಕೇಳಿಸದಂತಾದಾಗ ಇಬ್ಬರಿಗೂ ಬೇಸರವಾಗುತ್ತಿತ್ತು.

ಭಾನುವಾರ ಸಂಜೆ ಮಹಾಂತಪ್ಪ ಬಂದ. ಮಿಲ್ಲಿನ ಅಂಗಳದ ಸಂಜೆಮಲ್ಲಿಗೆ ಆಗಲೇ ಅರಳಿ ಘಮಘಮಿಸುತ್ತಿತ್ತು. ಗೋದಾಮಿನ ಬಾಗಿಲು ತೆರೆದರು.

ಕುಂಡದ ತುಂಬ ಮೊಗ್ಗು. ಒಂದೂ ಅರಳಿರಲಿಲ್ಲ.

"ಆತಲ್ಲವ್ವಾ," ಎಂದ ಅಪ್ಪ. ಗೆದ್ದರೂ ಅವನ ಮುಖದಲ್ಲಿ ಖುಷಿ ಇರಲಿಲ್ಲ, ಮಗಳ ಕಣ್ಣು ನೋಡಿದ್ದ.

ಸೂಗಮ್ಮ ವಿರೂಪಣ್ಣನತ್ತ ತಿರುಗಿದಳು. "ನಿಮ್ಮನ್ನ ನಂಬಿದ್ದೆ ನಾ. ಏನು ಮಾಡೀರಿ ಇದಕ್ಕ?"

ಅವನು ನೆಲ ನೋಡುತ್ತ ನಿಂತ. "ಬಿಸಿಲು ಬಿದ್ದಿಲ್ರಿ... ಆದ್ರ ಕತ್ತಲಾಗ ಒಂದ ಇರತದಲ್ಲ ಪಾಪ ಅಂತ, ರಾತ್ರಿ ಮಿಲ್ಲು ಶುರು ಆದ ಕೂಡ್ಲೆ ಬಲ್ಬು ಹಾಕ್ತಿದ್ದೆ. ಎರಡು ನೂರು ವ್ಯಾಟಿನ ಬಲ್ಬು. ಮುಂಜಾನಿ ಮಿಲ್ಲು ಬಂದ್ ಆದಾಗ ಆರಿಸ್ತಿದ್ದೆ."

"ದಿನಾ?"

"ದಿನಾ."

ಸೂಗಮ್ಮ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಅಳು ನಿಂತಿತು, ತುಟಿಯಲ್ಲಿ ಏನೋ ಲೆಕ್ಕ.

"ಅಪ್ಪಾ... ಬಲ್ಬಿನ ಬೆಳಕಿಗಿ ಇದರ ಗಡಿಯಾರ ತಿರುಗ್ಯದ, ಇದಕ್ಕ ರಾತ್ರಿನ ಹಗಲು ಆಗ್ಯದ. ಮಿಲ್ಲಿನ ಹಮಾಲರಂಗ ಇದೂ ರಾತ್ರಿ ಪಾಳಿಗಿ ಹೋಗ್ಯದ. ಇದರ ಸಂಜಿ ಅಂದ್ರ ನಮ್ಮ ಮುಂಜಾನಿ. ಇವತ್ತೊಂದಿನ ಇರಪ್ಪಾ. ಲೈಟೂ ಬ್ಯಾಡ. ಕೀಲಿ ನೀನ ಇಟ್ಕೊ."

ಮಹಾಂತಪ್ಪ ಬಲ್ಬನ್ನೇ ಕಳಚಿ ಜೇಬಿಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡಲಾಗಿ ಅಕ್ಕಿಚೀಲದ ಮೇಲೆ ಮಲಗಿದ.

ಬೆಳಿಗ್ಗೆ ಅವನ ಕಣ್ಣು ಕೆಂಪಗಿತ್ತು, ಮಿಲ್ಲಿನ ಸದ್ದಿಗೆ ನಿದ್ದೆಯೇ ಬಂದಿರಲಿಲ್ಲ. ಗೊಣಗುತ್ತ ಕೀಲಿ ತಿರುಗಿಸಿದ.

ಬಾಗಿಲು ತೆರೆಯುವ ಮುಂಚೆಯೇ ಘಮ ಬಂತು.

ಅಂಗಳದ ಗಿಡದ ಹೂವೆಲ್ಲ ಮುದುಡಿಕೊಂಡಿದ್ದವು. ಒಳಗೆ, ಬೆಳಕೇ ಇಲ್ಲದ ಕಡೆ, ಕುಂಡದ ತುಂಬ ಗುಲಾಬಿ ಬಣ್ಣದ ಹೂವು ಅರಳಿ ನಿಂತಿದ್ದವು.

ಮಹಾಂತಪ್ಪ ಬಹಳ ಹೊತ್ತು ನೋಡಿದ. "ಯಾರೂ ಹೇಳಿಲ್ಲಲ್ಲ ಇದಕ್ಕ," ಎಂದ ಮೆಲ್ಲಗೆ. "ಆತು. ಬೆಲ್ಲದಂವಗ ನಾ ಹೇಳ್ತೀನಿ."

ಜೇಬಿನಿಂದ ಬಲ್ಬು ತೆಗೆದು ವಿರೂಪಣ್ಣನ ಕೈಗಿಟ್ಟ. "ಅಲ್ಲೋ ತಮ್ಮಾ, ಗಿಡದ ಮ್ಯಾಲ ನಿನಗ ಇಷ್ಟ್ಯಾಕ ಕಳಕಳಿ?"

ವಿರೂಪಣ್ಣನ ಕಿವಿ ಕೆಂಪಾದವು. "ಗಿಡ ಸತ್ರ... ಟೀಚರ್ರು ಬರೂದು ಬಂದ್ ಆಗತದ ಅಂತ ಹೆದರಿದ್ದೆನ್ರೀ."

ಸೂಗಮ್ಮನ ಉಸಿರು ಅಲ್ಲೇ ನಿಂತಿತು. 'ಅಯ್ಯೋ ದೇವರೇ, ಅಪ್ಪನ ಮುಂದೆಯೇ ಹೇಳಿಬಿಟ್ಟನಲ್ಲ...'

ಮಹಾಂತಪ್ಪ ಒಮ್ಮೆ ಅವನನ್ನು ನೋಡಿದ, ಒಮ್ಮೆ ಮಗಳನ್ನು ನೋಡಿದ. ಮಗಳು ಹೂವನ್ನೇ ನೋಡುತ್ತಿದ್ದಳು, ಬೇಡ ಅನ್ನಲಿಲ್ಲ.

"ಆಕಿ ನೌಕರಿ ಬಿಡೂದಿಲ್ಲ ನೋಡು."

"ಬಿಟ್ರ ಸಾಲಿ ಹುಡುಗೂರು ನನ್ನ ಬೈತಾವ್ರಿ."

"ನಿಮ್ಮ ಅವ್ವ ಎಲ್ಲಿ ಅದಾಳಪ್ಪಾ? ಚಾ ಕುಡ್ಕೋತ ಒಂದು ಮಾತಾಡೂದದ," ಎಂದು ರುಮಾಲು ಸರಿಮಾಡಿಕೊಂಡು ಮನೆಯತ್ತ ನಡೆದ.

ಇಬ್ಬರೇ ಉಳಿದರು, ನಡುವೆ ಕುಂಡ.

"ಗಿಡದ್ದು ಮುಗೀತಲ್ರೀ," ಎಂದಳು ಸೂಗಮ್ಮ. "ಇನ್ನ ಸಂಜಿಗಿ ನಾ ಯಾಕ ಬರಲಿ?"

"ನೀವು ಬರಲಿಲ್ಲಂದ್ರೂ ನಾ ಇದ ಕಟ್ಟಿ ಮ್ಯಾಲ ಕೂತಿರ್ತೀನ್ರಿ. ಸಂಜಿ ಆತಂದ್ರ ಕಾಲು ತಾವ ಇಲ್ಲಿಗಿ ಬರ್ತಾವ. ನನಗೂ ಒಳಗ ಗಡಿಯಾರ ಕೂತದ. ಇದನ್ನ ತಿರುವಬೇಕಂದ್ರ ಎಷ್ಟು ದಿನ ಲೈಟ್ ಹಾಕಬೇಕ್ರೀ?"

ಅವಳು ಒಂದು ಹೂ ಕಿತ್ತು ಮುಡಿದುಕೊಂಡಳು. ಬಲ್ಬನ್ನು ಅವನ ಕೈಯಿಂದ ತೆಗೆದುಕೊಂಡಳು.

"ತಿರುವಬ್ಯಾಡ್ರಿ," ಎಂದಳು. "ನನ್ನ ಗಡಿಯಾರಾನೂ ಅದೇ ಹೊತ್ತಿಗಿ ಹೊಂದ್ಯದ."